ಟೋಕಿಯೋಗೆ ಸಂಸಾರ ಸಮೇತ ಹೊರಟಿದೀವಿ, ಭಾಷೆ ಬರಲ್ಲ, ಬದುಕೋಕಾಗತ್ತಾ?

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಹಾಸನದವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಟೋಕಿಯೋದ ಒಂದು ಕಂಪನೀಲಿ ಕೆಲಸ ಸಿಕ್ಕಿದೆ, ವೀಸಾ ಪೇಪರ್ ನಡೀತಿದೆ. ಹೆಂಡತಿ, 4 ವರ್ಷದ ಮಗಳು ಜೊತೆಗೆ ಬರ್ತಾರೆ. ನಾವು ಪಕ್ಕಾ ಸಸ್ಯಾಹಾರಿಗಳು, ಮೂರೂ ಜನಕ್ಕೆ ಜಪಾನೀಸ್ ಒಂದಕ್ಷರ ಬರಲ್ಲ, ಅದೇ ದೊಡ್ಡ ಭಯ. ಅಲ್ಲಿ ದಿನನಿತ್ಯದ ಜೀವನ ನಿಜವಾಗ್ಲೂ ಹೇಗಿರತ್ತೆ, ಇಲ್ಲಿಂದ ಏನೇನು ತರ್ಬೇಕು?

ಉತ್ತರ: ನಮಸ್ಕಾರ. ನಾನು ಇಲ್ಲಿಗೆ ಬಂದು 12 ವರ್ಷ ಆಯ್ತು, ಹೊಸದಾಗಿ ಬಂದೋರಿಗೆ ಮನೆ, ಬ್ಯಾಂಕು, ವಾರ್ಡ್ ಆಫೀಸ್ ಓಡಾಟ ಮಾಡಿಸಿಕೊಡೋದೇ ನನ್ನ ಕೆಲಸ. ನಿಮ್ಮ ಪ್ರಶ್ನೆಯನ್ನ ತಿಂಗಳಿಗೆ ನಾಲ್ಕು ಸಲ ಆದ್ರೂ ಕೇಳ್ತೀನಿ, ಎಲ್ರೂ ಭಾಷೆಗೇ ಹೆದರ್ಕೊಂಡಿರ್ತಾರೆ. ಬಂದ್ಮೇಲೆ ಒದ್ದಾಡೋದು ಮಾತ್ರ ಬೇರೆ ಕಡೆ. ಭಾಷೆ ಬರ್ದಿದ್ರೆ ಇಲ್ಲಿನ ಜನ ಕೈಸನ್ನೆ ಮಾಡಿ, ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ, ಅಂಗಡಿಯಿಂದ ಹೊರಗೆ ಬಂದು ದಾರಿ ತೋರಿಸಿ ಹೇಗೋ ಸುಧಾರಿಸ್ಕೊಂಡು ಹೋಗ್ತಾರೆ. ಮುಂಚೆ ಹೇಳದೆ ಏನಾದ್ರೂ ಮಾಡಿದ್ರೆ ಮಾತ್ರ ಮುಖ ಬಿಗಿಯತ್ತೆ. ಮನೆ ಬದಲಾಯಿಸಿದ್ರೆ ಹೇಳ್ಬೇಕು, ಕೆಲಸ ಬಿಟ್ರೆ ಹೇಳ್ಬೇಕು, ಹಳೇ ಸೋಫಾ ಬಿಸಾಕೋಕೂ ಫೋನ್ ಮಾಡಿ ಹೇಳ್ಬೇಕು. ಇದೊಂದು ತಲೇಲಿ ಕೂತ್ರೆ ಅರ್ಧ ಜಪಾನ್ ಅರ್ಥ ಆದ ಹಾಗೆ.

ಮೊದಲನೇ ತಿಂಗಳಿಂದ ಶುರು ಮಾಡ್ತೀನಿ. ಬೆಂಗಳೂರಿಂದ ಟೋಕಿಯೋ ಹತ್ರದ ನರಿಟಾ ಏರ್‌ಪೋರ್ಟಿಗೆ ನೇರ ವಿಮಾನ ಇದೆ. ಇಳಿದ ತಕ್ಷಣ ಏರ್‌ಪೋರ್ಟಲ್ಲೇ ನಿಮ್ಮ ಮೂರೂ ಜನಕ್ಕೆ ರೆಸಿಡೆನ್ಸ್ ಕಾರ್ಡ್ ಕೊಡ್ತಾರೆ, ಇಲ್ಲಿ ಅದಕ್ಕೆ ಝೈರ್ಯೂ ಕಾರ್ಡ್ ಅಂತಾರೆ. 16 ದಾಟಿದೋರು ಅದನ್ನ ಯಾವಾಗ್ಲೂ ಜೇಬಲ್ಲೇ ಇಟ್ಕೊಂಡಿರ್ಬೇಕು, ಕಾನೂನು ಇದೆ, ಪಕ್ಕದ ಬೀದಿಗೆ ಹಾಲು ತರೋಕೆ ಹೋದ್ರೂ ಸರಿ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಿಗೆ ಅಂದ್ರೆ ಕುಯಾಕುಶೋಗೆ ಹೋಗಿ ಆ ಕಾರ್ಡಿನ ಹಿಂದೆ ಅಡ್ರೆಸ್ ಬರೆಸ್ಕೊಬೇಕು. ಇಲ್ಲಿಂದ ಸರಪಳಿ ಶುರು. ಮನೆ ಸಿಗೋಕೆ ಜಪಾನಿನ ಫೋನ್ ನಂಬರ್ ಕೇಳ್ತಾರೆ, ಫೋನ್ ತಗೊಳೋಕೆ ಕಾರ್ಡಲ್ಲಿ ಅಡ್ರೆಸ್ ಇರ್ಬೇಕು ಅಂತಾರೆ, ಬಿಲ್ ಕಟ್ಟೋಕೆ ಬ್ಯಾಂಕ್ ಅಕೌಂಟ್ ಬೇಕು, ಬ್ಯಾಂಕಿನವರು ಫೋನ್ ನಂಬರ್ ಎಲ್ಲಿ ಅಂತಾರೆ. ಕೋಳಿ ಮೊದ್ಲೋ ಮೊಟ್ಟೆ ಮೊದ್ಲೋ ಅನ್ನೋ ಕಥೆ. ಇದನ್ನ ಬಿಡಿಸೋ ಸುಲಭ ದಾರಿ ಅಂದ್ರೆ ಮೊದಲ ಒಂದೆರಡು ತಿಂಗಳಿಗೆ ಕಂಪನಿ ಕಡೆಯಿಂದ ಒಂದು ಸರ್ವಿಸ್ ಅಪಾರ್ಟ್‌ಮೆಂಟ್ ಕೊಡ್ಸಿ ಅಂತ ಈಗ್ಲೇ ಕೇಳಿ, ಆ ಅಡ್ರೆಸ್ಸಲ್ಲಿ ನೋಂದಣಿ ಮಾಡಿಸ್ಬಹುದಾ ಅನ್ನೋದನ್ನೂ ಬರಹದಲ್ಲಿ ಕೇಳಿ. ಬ್ಯಾಂಕಿಗೆ ಕಂಪನಿ ಪತ್ರ ತಗೊಂಡು ಹೋಗಿ, ಬಂದು 6 ತಿಂಗಳಾಗದ ವಿದೇಶಿಯರಿಗೆ ಅಕೌಂಟ್ ಕೊಡೋಕೆ ಎಷ್ಟೋ ಬ್ಯಾಂಕಿನವರು ಹಿಂದೆ ಮುಂದೆ ನೋಡ್ತಾರೆ, ಇಲ್ಲಿ ಕೆಲಸಕ್ಕೇ ಬಂದಿದೀವಿ ಅನ್ನೋ ಕಾಗದ ಇದ್ರೆ ಮಾತು ಬದಲಾಗತ್ತೆ.

ನನ್ನ ಕೇಳಿದ್ರೆ ನೀವೊಬ್ರೇ ಮೊದ್ಲು ಬನ್ನಿ, ಮನೆ ಸೆಟ್ ಮಾಡ್ಕೊಂಡು ಎರಡು ತಿಂಗಳ ನಂತರ ಹೆಂಡತಿ ಮಗಳನ್ನ ಕರೆಸ್ಕೊಳ್ಳಿ. ಮಗು ಕಟ್ಕೊಂಡು ಹೋಟೆಲ್ ರೂಮಲ್ಲಿ ಕೂತು ಮನೆ ಹುಡುಕಿದೋರು ಯಾರೂ ಮತ್ತೆ ಹಾಗೆ ಮಾಡ್ತೀನಿ ಅಂದಿದ್ದು ನಾನು ಕೇಳಿಲ್ಲ.

ಮನೆ ವಿಷಯ ಸ್ವಲ್ಪ ಕಹಿ, ಆದ್ರೂ ಹೇಳ್ತೀನಿ. ಏಜೆಂಟ್ ನಿಮ್ಮೆದುರೇ ಓನರ್‌ಗೆ ಫೋನ್ ಮಾಡಿ ಮೊದಲನೇ ವಾಕ್ಯದಲ್ಲೇ "ಗೈಕೋಕುಜಿನ್" ಅಂತಾರೆ, ವಿದೇಶಿಯರು ಅಂತ, ಆಮೇಲೆ ಎರಡು ಸಲ "ಹಾಯ್, ಹಾಯ್" ಅಂದು ಫೋನ್ ಇಟ್ಟು ತಲೆ ಬಗ್ಗಿಸ್ತಾರೆ, ಆ ಮನೆ ಇಲ್ಲ ಅಂತ ಅರ್ಥ. ನನ್ನ ಮೊದಲನೇ ಹುಡುಕಾಟದಲ್ಲಿ ಒಂದೇ ಮಧ್ಯಾಹ್ನ ಐದು ಸಲ ಹೀಗಾಯ್ತು, ಸಂಜೆ ಸ್ಟೇಷನ್ ಬೆಂಚ್ ಮೇಲೆ ಕೂತು ಅತ್ತಿದ್ದು ಇನ್ನೂ ನೆನಪಿದೆ. ಸಿಕ್ಕಿದ್ರೂ ದುಡ್ಡು ಜಾಸ್ತಿ. ಉದಾಹರಣೆಗೆ ತಿಂಗಳ ಬಾಡಿಗೆ 1,00,000 ಯೆನ್ ಅಂದ್ಕೊಳ್ಳಿ. ಶಿಕಿಕಿನ್ ಅಂತ ಡೆಪಾಸಿಟ್ ಒಂದು ತಿಂಗಳದ್ದು, ರೆಯ್ಕಿನ್ ಅಂತ ಓನರ್‌ಗೆ ಕಾಣಿಕೆ ಇನ್ನೊಂದು ತಿಂಗಳದ್ದು (ಇದು ವಾಪಸ್ ಬರಲ್ಲ, ಕಾಣಿಕೆ ಅಂದ್ರೆ ಕಾಣಿಕೆನೇ), ಏಜೆಂಟ್ ಕಮಿಷನ್ ಒಂದು ತಿಂಗಳವರೆಗೆ ಮೇಲೆ ಟ್ಯಾಕ್ಸು, ನಿಮಗೆ ಜಾಮೀನು ನಿಲ್ಲೋ ಕಂಪನಿಗೆ ಅರ್ಧದಿಂದ ಒಂದು ತಿಂಗಳದ್ದು, ಫೈರ್ ಇನ್ಶೂರೆನ್ಸ್, ಬೀಗ ಬದಲಾಯಿಸೋ ಖರ್ಚು, ಮುಂಗಡ ಬಾಡಿಗೆ. ಬಾಗಿಲು ತೆಗೆಯೋ ಹೊತ್ತಿಗೆ 4-5 ಲಕ್ಷ ಯೆನ್ ಕೈಬಿಟ್ಟಿರತ್ತೆ, ಒಳಗೆ ಹೋದ್ರೆ ಲೈಟೂ ಇರಲ್ಲ, ಕರ್ಟನ್ನೂ ಇರಲ್ಲ, ಸ್ಟೌವೂ ಇರಲ್ಲ. ಎರಡು ವರ್ಷಕ್ಕೊಮ್ಮೆ ಅಗ್ರಿಮೆಂಟ್ ಹೊಸದು ಮಾಡೋವಾಗ ಟೋಕಿಯೋದಲ್ಲಿ ಸಾಮಾನ್ಯವಾಗಿ ಮತ್ತೊಂದು ತಿಂಗಳ ಬಾಡಿಗೆ.

ಇದೆಲ್ಲಾ ಬೇಡ ಅನ್ನೋರಿಗೆ ಯುಆರ್ ಅಂತ ಸರ್ಕಾರಿ ಹಿನ್ನೆಲೆಯ ವಸತಿ ಸಂಸ್ಥೆ ಇದೆ, ಕಾಣಿಕೆ ಇಲ್ಲ, ಕಮಿಷನ್ ಇಲ್ಲ, ಜಾಮೀನು ಬೇಡ, ರಿನ್ಯೂವಲ್ ಫೀ ಇಲ್ಲ, ಎರಡು ತಿಂಗಳ ಡೆಪಾಸಿಟ್ ಮತ್ತೆ ಸಂಬಳದ ದಾಖಲೆ ಸಾಕು. ಎಡೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ ನಮ್ಮವರು ಅಷ್ಟೊಂದು ಜನ ಇರೋದಕ್ಕೆ ಇದೂ ಒಂದು ಕಾರಣ. 2000ದ ಸುಮಾರಿಗೆ ವೈಟೂಕೆ (ಇಸವಿ ಬದಲಾದಾಗ ಕಂಪ್ಯೂಟರ್‌ಗಳ ದಿನಾಂಕ ಕೆಡೋ ಸಮಸ್ಯೆ) ಕೆಲಸಕ್ಕೆ ಅಂತ ಬಂದ ಇಂಜಿನಿಯರ್‌ಗಳು ಟೋಕಿಯೋ ನಡುವಿನ ಓಟೆಮಾಚಿ ಕಡೆ ಆಫೀಸುಗಳಿಗೆ ತೋಝಾಯ್ ಮೆಟ್ರೋ ಲೈನಲ್ಲಿ ಒಂದೇ ಟ್ರೈನು ಅಂತ ಅಲ್ಲೇ ಉಳ್ಕೊಂಡ್ರು, ಈಗ ಅಲ್ಲಿ ಇಂಡಿಯನ್ ಸ್ಕೂಲ್ ಇದೆ, ಬೇಳೆ ಕಾಳು ಸಿಗೋ ಅಂಗಡಿ ಇದೆ, ಪಾರ್ಕಲ್ಲಿ ಹತ್ತು ನಿಮಿಷ ಕೂತ್ರೆ ತೆಲುಗು ತಮಿಳು ಹಿಂದಿ ಕಿವಿಗೆ ಬೀಳತ್ತೆ, ಅದೃಷ್ಟ ಇದ್ರೆ ಕನ್ನಡನೂ. ನಿಮ್ಮ ಹೆಂಡತಿ ದಿನವಿಡೀ ಮನೇಲಿರ್ತಾರೆ ಅಂದ್ರೆ ನಾನು ಕಣ್ಮುಚ್ಚಿ ಅಲ್ಲಿಗೇ ಹೋಗಿ ಅಂತೀನಿ. ಒಂದು ವಿಷಯ ಗೊತ್ತಿದ್ದು ಹೋಗಿ ಅಷ್ಟೇ, ಆ ವಾರ್ಡಿನ ಸುಮಾರು 70% ನೆಲ ಸಮುದ್ರ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡ್ ಆಫೀಸಿನವರೇ ಹಂಚಿದ ಪ್ರವಾಹದ ಮ್ಯಾಪಿನ ಮುಖಪುಟದಲ್ಲಿ "ಇಲ್ಲಿ ಇರಬಾರದು" ಅಂತ ಅಚ್ಚು ಹಾಕಿದ್ರು. ದೊಡ್ಡ ಟೈಫೂನ್ ಬರತ್ತೆ ಅಂದಾಗ ಬೇರೆ ಕಡೆ ಹೋಗಿ ಅನ್ನೋ ಅರ್ಥದಲ್ಲಿ. ಇಷ್ಟು ನೇರವಾಗಿ ಮಾತಾಡೋ ಸರ್ಕಾರಿ ಕಾಗದ ನಾನು ಬೇರೆಲ್ಲೂ ನೋಡಿಲ್ಲ. ಮೇಲಿನ ಮಹಡಿ ಮನೆ ಹುಡುಕಿ, ಮ್ಯಾಪ್ ಫ್ರಿಜ್ ಮೇಲೆ ಅಂಟಿಸ್ಕೊಳ್ಳಿ.

ಇನ್ನು ಕಸ. ನಗಬೇಡಿ, ಇಲ್ಲಿ ಅಕ್ಕಪಕ್ಕದವರ ಜೊತೆ ಸಂಬಂಧ ಕೆಡೋದು ಉಳಿಯೋದು ಎರಡೂ ಇದರಲ್ಲೇ. ವಾರ್ಡಿಂದ ವಾರ್ಡಿಗೆ ನಿಯಮ ಬೇರೆ, ಅಡ್ರೆಸ್ ನೋಂದಣಿ ಮಾಡಿಸೋವಾಗ್ಲೇ ಕಸದ ಪಟ್ಟಿ ಕೊಡಿ ಅಂತ ಕೇಳಿ, ಇಂಗ್ಲಿಷಲ್ಲೂ ಇರತ್ತೆ. ಸುಡೋ ಕಸ ಒಂದಿನ, ಸುಡದ ಕಸ ಇನ್ನೊಂದಿನ, ಬಾಟಲಿ ಡಬ್ಬ ಪೇಪರ್ ಮತ್ತೊಂದಿನ, ಎಲ್ಲಾ ಬೆಳಿಗ್ಗೆ 8 ಗಂಟೆಯೊಳಗೆ ಇಡ್ಬೇಕು. ರಾತ್ರೀನೇ ಇಟ್ರೆ ಮುಂಜಾನೆ ಕಾಗೆಗಳು ಚೀಲ ಹರಿದು ಬೀದಿ ತುಂಬಾ ಹರಡ್ತಾವೆ, ಅದಕ್ಕೇ ಮೇಲೆ ಬಲೆ ಹೊದಿಸೋದು, ಆ ಬಲೆ ಅಂಚನ್ನ ನೀಟಾಗಿ ಒಳಗೆ ಸಿಕ್ಕಿಸಿ ಹೋಗೋದೂ ನಿಮ್ಮ ಕೆಲಸನೇ. ನೀರಿನ ಬಾಟಲಿ ಅಂದ್ರೆ ಮುಚ್ಚಳ ತೆಗೀಬೇಕು, ಸುತ್ತ ಇರೋ ಪ್ಲಾಸ್ಟಿಕ್ ಲೇಬಲ್ ಸುಲೀಬೇಕು, ಒಳಗೆ ತೊಳೀಬೇಕು, ಕಾಲಲ್ಲಿ ಚಪ್ಪಟೆ ಮಾಡ್ಬೇಕು. ತಪ್ಪು ಹಾಕಿದ್ರೆ ಬೈಯಲ್ಲ, ನಿಮ್ಮ ಚೀಲಕ್ಕೆ ಒಂದು ಸ್ಟಿಕ್ಕರ್ ಅಂಟಿಸಿ ಅಲ್ಲೇ ಬಿಟ್ಟು ಹೋಗ್ತಾರೆ, ಸಂಜೆ ಆಫೀಸಿಂದ ಬರೋವಾಗ ಖಾಲಿ ಜಾಗದಲ್ಲಿ ನಿಮ್ಮದೊಂದೇ ಚೀಲ ಒಳಗಿರೋ ಇಂಡಿಯನ್ ಮಸಾಲೆ ಪ್ಯಾಕೆಟ್ ತೋರಿಸ್ಕೊಂಡು ಕೂತಿರತ್ತೆ. ಯಾರ ಮನೇದು ಅಂತ ಯಾರೂ ಕೇಳೋದೇ ಬೇಡ.

ಟೋಕಿಯೋದ 23 ವಾರ್ಡುಗಳಲ್ಲಿ 30 ಸೆಂಟಿಮೀಟರ್‌ಗಿಂತ ದೊಡ್ಡ ವಸ್ತು ಅಂದ್ರೆ ಸೊದಾಯ್ ಗೋಮಿ, ದೊಡ್ಡ ಕಸ. ಮೊದ್ಲೇ ಬುಕ್ ಮಾಡಿ, ಕೊಂಬಿನಿ ಅಂದ್ರೆ ಸದಾ ತೆಗೆದಿರೋ ಆ ಚಿಕ್ಕ ಅಂಗಡೀಲಿ ದುಡ್ಡು ಕೊಟ್ಟು ಚೀಟಿ ತಗೊಂಡು, ಅದರ ಮೇಲೆ ಹೆಸರೋ ನಂಬರೋ ಬರೆದು ಅಂಟಿಸಿ, ಹೇಳಿದ ದಿನ ಹೊರಗಿಡ್ಬೇಕು. ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಏಸಿ ಇದರಲ್ಲೂ ತಗೊಳಲ್ಲ, ಅದಕ್ಕೆ 2001ರಿಂದ ಬೇರೆ ಕಾನೂನು, ಬೇರೆ ದುಡ್ಡು. ಹಂಗಾಗಿ ಊರಿಗೆ ಹೋಗೋ ಯಾರಾದ್ರೂ "ಫ್ರಿಜ್ ಫ್ರೀಯಾಗಿ ತಗೊಳ್ಳಿ" ಅಂದ್ರೆ ಅವರ ಔದಾರ್ಯ ನೋಡಿ ಮರುಳಾಗ್ಬೇಡಿ. ಬೋಂಡ ಬಜ್ಜಿ ಕರಿದ ಎಣ್ಣೆ ಸಿಂಕಿಗೆ ಸುರಿಯೋ ಹಾಗಿಲ್ಲ, ಬಿಸಿ ಎಣ್ಣೆಗೆ ಹಾಕಿದ್ರೆ ಮೇಣದ ಹಾಗೆ ಗಟ್ಟಿ ಮಾಡೋ ಪುಡಿ ಸೂಪರ್‌ಮಾರ್ಕೆಟಲ್ಲಿ ಸಿಗತ್ತೆ, ಆರಿದ್ಮೇಲೆ ದೋಸೆ ಥರ ಎತ್ತಿ ಸುಡೋ ಕಸಕ್ಕೆ ಹಾಕಿ.

ಸದ್ದಿನ ಕಥೆ ನನ್ನದೇ ಇದೆ. ಮೊದಲನೇ ಮನೇಲಿ ಬೆಳಿಗ್ಗೆ 6ಕ್ಕೆ ಅನ್ನಕ್ಕಿಟ್ಟು ಕುಕ್ಕರ್ ಮೂರು ವಿಷಲ್ ಹೊಡೆಸ್ತಿದ್ದೆ. ಮೂರನೇ ವಾರ ಲಿಫ್ಟ್ ಪಕ್ಕ ಒಂದು ನೋಟಿಸ್ ಬಂತು, ಹೆಸರಿಲ್ಲ, ಮನೆ ನಂಬರಿಲ್ಲ, "ನಿವಾಸಿಗಳೆಲ್ಲರಿಗೂ ವಿನಂತಿ, ಮುಂಜಾನೆ ಉಗಿ ಹೊರಬರುವ ಸದ್ದಿನ ಬಗ್ಗೆ ಚಿಂತೆ ವ್ಯಕ್ತವಾಗಿದೆ" ಅಂತ. ಇಡೀ ಬಿಲ್ಡಿಂಗಲ್ಲಿ ಕುಕ್ಕರ್ ಇದ್ದಿದ್ದು ನನ್ನೊಬ್ಬಳ ಮನೇಲಿ. ಇಲ್ಲಿ ಯಾರೂ ಮುಖಕ್ಕೆ ಹೇಳಲ್ಲ, ಈ ನೋಟಿಸೇ ಬೈಗುಳ. ನಾಚಿಕೆ ಆಗಿ ಕೆಳಗಿನ ಮನೆ ಅಜ್ಜಿ ಹತ್ರ ಒಂದು ಬಿಸ್ಕತ್ ಡಬ್ಬ ಹಿಡ್ಕೊಂಡು ಹೋದೆ, ಜೊತೆಗೆ ಕುಕ್ಕರನ್ನೂ. ಅಜ್ಜಿ ಪಾಪ ಗ್ಯಾಸ್ ಲೀಕ್ ಅಂದ್ಕೊಂಡು ದಿನಾ ಬೆಳಿಗ್ಗೆ ಎದ್ದು ಕೂರ್ತಿದ್ರಂತೆ! ವಿಷಲ್ ಎತ್ತಿ ತೋರಿಸಿದ್ಮೇಲೆ ಬಾಯಿ ಮುಚ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ನಾನು ರಾತ್ರಿ 8ರೊಳಗೆ ಬೇಯಿಸಿಡ್ತಿದ್ದೆ, ಅವರು ಆಗಾಗ ಕಿತ್ತಳೆ ತಂದು ಬಾಗಿಲ ಹಿಡಿಗೆ ನೇತುಹಾಕಿ ಹೋಗ್ತಿದ್ರು. ಹೊಸ ಮನೆಗೆ ಹೋದ ದಿನವೇ ಮೇಲೆ, ಕೆಳಗೆ, ಅಕ್ಕಪಕ್ಕ ಒಂದು ಚಿಕ್ಕ ಟವೆಲ್ಲೋ ಸಿಹಿಯೋ ಕೊಟ್ಟು "ಮಗು ಇದೆ, ಗಲಾಟೆ ಆಗ್ಬಹುದು" ಅಂತ ಹೇಳೋದು ಇಲ್ಲಿನ ಹಳೇ ಪದ್ಧತಿ, ಈಗಿನ ಹುಡುಗ್ರು ಬಿಟ್ಟಿದಾರೆ, ನೀವು ಬಿಡ್ಬೇಡಿ. 4 ವರ್ಷದ ಮಗು ಮರದ ನೆಲದ ಮೇಲೆ ಓಡಿದ್ರೆ ಕೆಳಗಿನವರಿಗೆ ತಮಟೆ ಬಡಿದ ಹಾಗೆ ಕೇಳ್ಸತ್ತೆ, ದಪ್ಪ ಮ್ಯಾಟ್ ಹಾಸಿ.

ಊಟಕ್ಕೆ ಬರ್ತೀನಿ. ಮನೇಲಿ ಮಾಡ್ಕೊಂಡ್ರೆ ಏನೂ ತೊಂದ್ರೆ ಇಲ್ಲ, ಸೋನಾ ಮಸೂರಿ, ತೊಗರಿಬೇಳೆ, ರವೆ ಎಲ್ಲಾ ನಿಶಿ ಕಸಾಯ್‌ನಲ್ಲೋ ಶಿನ್ ಓಕುಬೋದಲ್ಲೋ ಸಿಗತ್ತೆ, ಬೆಲೆ ನೋಡಿ ರೂಪಾಯಿಗೆ ಲೆಕ್ಕ ಹಾಕ್ಬೇಡಿ ಅಷ್ಟೇ. ಹೊರಗೆ ತಿನ್ನೋದು ಕಷ್ಟ. ಮಾಂಸ ಕಣ್ಣಿಗೆ ಕಾಣತ್ತೆ, ಬಿಡ್ಬಹುದು, ಕಾಣದೇ ಇರೋದು ದಾಶಿ, ಅಂದ್ರೆ ಕತ್ಸುವೊ ಅನ್ನೋ ಒಣಗಿಸಿದ ಮೀನಿನ ತೆಳು ಚೂರಿಂದ ತೆಗೆದ ಸಾರು. ಮಿಸೊ ಅನ್ನೋ ಸೋಯಾ ಪೇಸ್ಟಿನ ಸೂಪು, ಉದೊನ್ ಅನ್ನೋ ದಪ್ಪ ನೂಡಲ್ಸ್, ಬೇಯಿಸಿದ ತರಕಾರಿ, ಎಷ್ಟೋ ಸಲ ಚಿಪ್ಸ್ ಮಸಾಲೇಲೂ ಅದೇ. ಪ್ಯಾಕೆಟ್ ಮೇಲಿನ ಅಲರ್ಜಿ ಪಟ್ಟಿ ನೋಡಿ ನಂಬೋ ತಪ್ಪು ಎಲ್ರೂ ಮಾಡ್ತಾರೆ, ಅದರಲ್ಲಿ ಮೊಟ್ಟೆ, ಹಾಲು, ಗೋಧಿ, ಸೀಗಡಿ ಥರದ್ದು ಹಾಕ್ಲೇಬೇಕು, ಕತ್ಸುವೊ ಆ ಪಟ್ಟೀಲೇ ಇಲ್ಲ. ಹಾಗಾಗಿ ಕೆಳಗೆ ಚಿಕ್ಕ ಅಕ್ಷರದಲ್ಲಿರೋ ಸಾಮಗ್ರಿ ಸಾಲಿನ ಫೋಟೋ ತೆಗೆದು ಟ್ರಾನ್ಸ್‌ಲೇಟ್ ಮಾಡಿ ಓದಿ. ಹೋಟೆಲಲ್ಲಿ "ವೆಜಿಟೇರಿಯನ್" ಅಂದ್ರೆ ಬೇಕನ್ ಉದುರಿಸಿದ ಸಲಾಡ್ ಬರೋ ಸಾಧ್ಯತೆ ಇದೆ, "ನಿಕು ತೊ ಸಕಾನ ವಾ ತಬೆರಾರೆಮಾಸೆನ್, ದಾಶಿ ಮೊ ದಮೆ ದೆಸು" ಅನ್ನಿ, ಮಾಂಸ ಮೀನು ತಿನ್ನೋಕಾಗಲ್ಲ, ದಾಶೀನೂ ಬೇಡ ಅಂತ. ಅದನ್ನೂ ಆರ್ಡರ್ ಮಾಡಿದ್ಮೇಲಲ್ಲ, ಸಾಧ್ಯ ಆದ್ರೆ ಹಿಂದಿನ ದಿನ ಫೋನ್ ಮಾಡಿಸಿ. ಮುಂಚೆ ಹೇಳಿದ್ರೆ ಅಡುಗೆಯವರು ಬೇರೆ ಪಾತ್ರೇಲಿ ಮಾಡಿ ಕೊಟ್ಟಿದ್ದೂ ಉಂಟು, ಕೂತ್ಕೊಂಡ್ಮೇಲೆ "ಇದು ತೆಗೆದು ಕೊಡಿ" ಅಂದ್ರೆ ಆಗಲ್ಲ ಅಂತಾರೆ.

ಏನು ತರ್ಬೇಕು ಅಂತ ಕೇಳಿದ್ರಿ. ಮನೇಲಿರೋ ಮಿಕ್ಸಿ ತರ್ಬೇಡಿ. ಇಲ್ಲಿ ಕರೆಂಟ್ 100 ವೋಲ್ಟ್, ನಮ್ಮ 230 ವೋಲ್ಟಿನ ಮಿಕ್ಸಿ ಹಾಕಿದ್ರೆ ಕಾಯಿ ರುಬ್ಬೋದಿರಲಿ, ನಿಟ್ಟುಸಿರು ಬಿಡ್ತಾ ಸುತ್ತತ್ತೆ. ಅಮೆರಿಕಾಗೆ ಅಂತ ಮಾಡೋ 110 ವೋಲ್ಟಿನ ಮಿಕ್ಸಿ ಬೆಂಗಳೂರಲ್ಲೇ ಸಿಗತ್ತೆ, ಅದು ತನ್ನಿ. ಕುಕ್ಕರ್ ಸ್ಟೀಲಿಂದು, ತಳ ಇಂಡಕ್ಷನ್‌ಗೆ ಆಗೋದು ತನ್ನಿ, ಹೊಸ ಮನೆಗಳಲ್ಲಿ ಇಂಡಕ್ಷನ್ ಒಲೆನೇ ಜಾಸ್ತಿ ಬರ್ತಿದೆ. ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು ಕಟ್ಕೊಳ್ಳಿ, ಹಸಿ ಕರಿಬೇವು, ಹಣ್ಣು, ತರಕಾರಿ, ಬೀಜ ಮಾತ್ರ ಸರ್ಕಾರಿ ತಪಾಸಣೆ ಪ್ರಮಾಣಪತ್ರ ಇಲ್ದೆ ಒಳಗೆ ಬಿಡಲ್ಲ, ಅಮ್ಮ ಪ್ರೀತಿಯಿಂದ ಬ್ಯಾಗಿಗೆ ತುರುಕಿದ್ರೂ ತೆಗೆದಿಡಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲ್ಲ ಅಂತ ಎಲ್ರೂ ಗೋಳಾಡ್ತಾರೆ, ಇಲ್ಲಿನ ಓವನ್‌ಗಳಲ್ಲಿ ಬ್ರೆಡ್ ಹಿಟ್ಟು ಉಬ್ಬೋಕೆ ಅಂತ ಸುಮಾರು 35-40 ಡಿಗ್ರಿಯ ಒಂದು ಸೆಟ್ಟಿಂಗ್ ಇರತ್ತೆ, ಅದರಲ್ಲಿಡಿ, ಉಬ್ಬಿ ಪಾತ್ರೆ ದಾಟತ್ತೆ.

ಔಷಧಿ ವಿಷಯದಲ್ಲಿ ಹುಷಾರು. ನೆಗಡಿಗೆ ತಗೊಳೋ ಮಾತ್ರೇಲಿ ಸೂಡೋಎಫೆಡ್ರಿನ್ 10%ಗಿಂತ ಜಾಸ್ತಿ ಇದ್ರೆ ನಿಷೇಧ, ಕೊಡೀನ್ ಇರೋ ಕೆಮ್ಮಿನ ಸಿರಪ್ಪಿಗೂ ಕಟ್ಟುನಿಟ್ಟು. ಬಿಪಿ ಶುಗರ್ ಥರದ ಡಾಕ್ಟರ್ ಚೀಟಿ ಮಾತ್ರೆ ಒಂದು ತಿಂಗಳಿಗಾಗೋಷ್ಟು ತರ್ಬಹುದು, ಜಾಸ್ತಿ ಬೇಕಾದ್ರೆ ಹೊರಡೋ ಮುಂಚೆ ಆನ್‌ಲೈನಲ್ಲಿ ಅನುಮತಿ ತಗೊಬೇಕು. ಇಲ್ಲಿ ಬಂದ್ಮೇಲೆ ಆರೋಗ್ಯ ವಿಮೆ ಕಡ್ಡಾಯ, ಆಸ್ಪತ್ರೆ ಬಿಲ್ಲಲ್ಲಿ 30% ನಿಮ್ಮದು, ಮಗಳದ್ದು ಟೋಕಿಯೋದಲ್ಲಿ ವಾರ್ಡಿನವರೇ ಭರಿಸ್ತಾರೆ, ಅದಕ್ಕೊಂದು ಬೇರೆ ಕಾರ್ಡ್ ಮಾಡಿಸ್ಬೇಕು. ಆಂಬ್ಯುಲೆನ್ಸಿಗೆ 119, ಪೊಲೀಸಿಗೆ 110, ನಮ್ಮಲ್ಲಿ 112 ಒತ್ತೋ ಅಭ್ಯಾಸ ಇದ್ರೆ ಬಿಡಿ.

ಸಂಬಳದ ಚೀಟೀಲಿ ಎರಡು ಕಡೆ ಜನ ಬೆಚ್ಚಿ ಬೀಳ್ತಾರೆ. ಒಂದು ಪೆನ್ಷನ್, ನಿಮ್ಮ ಪಾಲು 9.15% ಹೋಗತ್ತೆ, ಕಂಪನೀದೂ ಅಷ್ಟೇ. ಕೆಲವು ವರ್ಷ ದುಡಿದು ಊರಿಗೆ ವಾಪಸ್ ಹೋದ್ರೆ ಅದರಲ್ಲಿ ಒಂದು ಭಾಗ ಒಟ್ಟಿಗೆ ಹಿಂದಕ್ಕೆ ಕೇಳ್ಬಹುದು, ಜಪಾನ್ ಬಿಟ್ಟ 2 ವರ್ಷದೊಳಗೆ ಅರ್ಜಿ ಹಾಕ್ಬೇಕು. ಆದ್ರೆ 2016ರಿಂದ ಭಾರತ ಜಪಾನ್ ಮಧ್ಯೆ ಸಾಮಾಜಿಕ ಭದ್ರತಾ ಒಪ್ಪಂದ ಇದೆ, ಇಲ್ಲಿ ಕಟ್ಟಿದ ವರ್ಷಗಳನ್ನ ಪಿಎಫ್ ವರ್ಷಗಳ ಜೊತೆ ಸೇರಿಸಿ ಎಣಿಸೋ ದಾರಿ ಅದರಲ್ಲಿದೆ, ದುಡ್ಡು ವಾಪಸ್ ತಗೊಂಡ್ರೆ ಆ ವರ್ಷಗಳು ಲೆಕ್ಕದಿಂದ ಹೋದ ಹಾಗೆ. ಇನ್ನೊಂದು ರೆಸಿಡೆನ್ಸ್ ಟ್ಯಾಕ್ಸ್. ಇದು ಹಿಂದಿನ ವರ್ಷದ ಆದಾಯದ ಮೇಲೆ ಸುಮಾರು 10%, ಜನವರಿ 1ಕ್ಕೆ ನೀವು ಎಲ್ಲಿದ್ರೋ ಆ ಊರಿಗೆ ಹೋಗತ್ತೆ. ಮೊದಲನೇ ವರ್ಷ ಇರಲ್ಲ, ಎರಡನೇ ವರ್ಷದ ಜೂನಿಂದ ಕಟ್ ಆಗತ್ತೆ, ಆಗ ಎಲ್ರೂ ನನಗೆ ಫೋನ್ ಮಾಡಿ "ಮೇಡಂ, ಸಂಬಳ ಕಮ್ಮಿ ಮಾಡಿಬಿಟ್ರು" ಅಂತಾರೆ. ಮೊದಲನೇ ವರ್ಷದ ಸಂಬಳ ನೋಡಿ ಊರಲ್ಲಿ ಸೈಟಿಗೆ ಇಎಮ್‌ಐ ಕಟ್ಟೋಕೆ ಶುರು ಮಾಡ್ಬೇಡಿ.

ಮಗಳಿಗೆ ಯೋಚಿಯೆನ್ ಅನ್ನೋ ಶಿಶುವಿಹಾರ ನೋಡಿ, ಹೊಯ್ಕುಯೆನ್ ಅನ್ನೋದು ಅಪ್ಪ ಅಮ್ಮ ಇಬ್ರೂ ದುಡಿಯೋರ ಮಕ್ಕಳಿಗೆ. 2019ರ ಅಕ್ಟೋಬರಿಂದ 3ರಿಂದ 5 ವರ್ಷದ ಮಕ್ಕಳಿಗೆ ಫೀಸ್ ಹೊರೆ ಬಹಳ ಇಳಿದಿದೆ. ವರ್ಷ ಶುರುವಾಗೋದು ಏಪ್ರಿಲಲ್ಲಿ. ಚೀಲ, ಟವೆಲ್, ಒಂದೊಂದು ಕ್ರೆಯಾನ್ ಮೇಲೂ ಹೆಸರು ಬರೀಬೇಕು, ಅಕ್ಷರಶಃ ಒಂದೊಂದರ ಮೇಲೂ. ಮಧ್ಯಾಹ್ನದ ಊಟ ನಿಮ್ಮ ಡಬ್ಬದಿಂದ್ಲೇ ಅಂತ ಸೇರಿಸೋ ಮುಂಚೆ ಮಾತಾಡ್ಕೊಳ್ಳಿ. ಆರು ತಿಂಗಳು ಸುಮ್ನಿರಿ, ಆಮೇಲೆ ಅಂಗಡೀಲಿ ನಿಮಗೆ ದುಭಾಷಿ ಅವಳೇ. ನಿಮ್ಮ ಹೆಂಡತಿಗೆ ಕೆಲಸ ಮಾಡೋ ಆಸೆ ಇದ್ರೆ ಡಿಪೆಂಡೆಂಟ್ ವೀಸಾದಲ್ಲಿ ಇಮಿಗ್ರೇಷನ್ ಅನುಮತಿ ತಗೊಂಡು ವಾರಕ್ಕೆ 28 ಗಂಟೆ ಮಾಡ್ಬಹುದು. ಅನುಮತಿ ಇಲ್ದೆ ಒಂದು ಗಂಟೆನೂ ಬೇಡ.

ಕೊನೇದಾಗಿ ಆ ಭಾಷೆ ಭಯ. ಕನ್ನಡ ಬರೋರಿಗೆ ಜಪಾನೀಸ್ ಇಂಗ್ಲಿಷಿನವರಿಗೆ ಆಗೋ ಅಷ್ಟು ಕಷ್ಟ ಆಗಲ್ಲ, ಇದು ಸಮಾಧಾನದ ಮಾತಲ್ಲ, ವಾಕ್ಯ ಕಟ್ಟೋ ರೀತಿನೇ ನಮ್ಮದು. "ನಾನು ಅಂಗಡಿಗೆ ಹೋಗ್ತೀನಿ" ಅನ್ನೋದಕ್ಕೆ "ವತಾಶಿ ವಾ ಮಿಸೆ ನಿ ಇಕಿಮಸು", ಪದಗಳ ಸಾಲು ಹಾಗೇ ಇದೆ, ನಮ್ಮ "ಗೆ" ಇದ್ದ ಕಡೆ ಅವರ "ನಿ". "ಹೋಗ್ತೀರಾ" ಅಂತ ನಾವು ಕೊನೇಲಿ ದೀರ್ಘ ಎಳೆದ ಹಾಗೆ ಅವರು "ಕಾ" ಸೇರಿಸ್ತಾರೆ. ತಿಂದು ನೋಡು ಅನ್ನೋದು "ತಬೆತೆ ಮಿರು", ತಿಂದು ನೋಡೋದೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರೋದಂತೂ ನಮಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡೋವಾಗ "ಇತ್ತೆ ಕಿಮಸು" ಅಂತಾರೆ, ಪದಕ್ಕೆ ಪದ "ಹೋಗಿ ಬರ್ತೀನಿ" ಅಂತ. ಮೊದಲನೇ ಸಲ ಅರ್ಥ ಆದ ದಿನ ನನಗೆ ಅಜ್ಜಿ ಮನೆ ಜಗಲಿ ನೆನಪಾಗಿತ್ತು. ಬರೋ ಮುಂಚೆ ಹಿರಗಾನ, ಕತಕಾನ ಎರಡು ಅಕ್ಷರಮಾಲೆ ಕಲ್ತು ಬನ್ನಿ, ದಿನಕ್ಕೆ ಅರ್ಧ ಗಂಟೆ ಹಾಕಿದ್ರೆ ಒಂದು ತಿಂಗಳ ಕೆಲಸ, ಕಾಂಜಿ ಅನ್ನೋ ಚೀನೀ ಮೂಲದ ಅಕ್ಷರಗಳನ್ನ ಇಲ್ಲಿ ಬಂದು ನೋಡ್ಕೊಳ್ಳೋಣ.

ಟ್ರೈನಲ್ಲಿ ನಿಮ್ಮ ಪಕ್ಕದ ಸೀಟು ಖಾಲಿ ಇದ್ರೂ ಕೆಲವರು ನಿಂತೇ ಇರ್ತಾರೆ, ನೋವಾಗತ್ತೆ, ಬ್ಯಾಗ್ ಇಟ್ಕೊಳ್ಳೋಕೆ ಜಾಗ ಆಯ್ತು ಅಂದ್ಕೊಳ್ಳಿ, ನಾನು ಹಾಗೇ ಮಾಡ್ತೀನಿ. ಮನೆ ಯಾವ ವಾರ್ಡಲ್ಲಿ ಅಂತ ಗೊತ್ತಾದ್ಮೇಲೆ ಬರೀರಿ, ಅಲ್ಲಿನ ಕಸದ ಕ್ಯಾಲೆಂಡರ್ ಓದೋದು ಹೇಗೆ ಅಂತ ಹೇಳ್ತೀನಿ.